ಲಂಡನ್ನಿನಲ್ಲಿ ಮನೆ: ಬಾಡಿಗೆಯೋ, ಸ್ವಂತವೋ?

ಲಂಡನ್ ಮಹಾನಗರದ ನಡುವೆ ಥೇಮ್ಸ್ ನದಿ ಹರಿಯುತ್ತದೆ. ಅದರ ದಂಡೆಯ ಮೇಲೆ, ಲ್ಯಾಂಬೆತ್ ಪ್ರದೇಶದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿ ವಿಶ್ವಗುರು ಬಸವಣ್ಣನವರ ಪುತ್ಥಳಿ ನಿಂತಿದೆ. ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾದ ಇದನ್ನು 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ನದಿಯಾಚೆ ಬ್ರಿಟಿಷ್ ಸಂಸತ್ ಭವನವಿದೆ. ಅನುಭವ ಮಂಟಪದ ಪರಂಪರೆಯವರಿಗೆ ಈ ನೆರೆ ಅರ್ಥಪೂರ್ಣವಾದುದು.

ಉದ್ಯೋಗ ನಿಮಿತ್ತ ಈ ನಗರಕ್ಕೆ ಬರುವ ನಮ್ಮ ಮಕ್ಕಳ ಮುಂದೆ ನಿಲ್ಲುವ ಮೊದಲ ಪ್ರಶ್ನೆ ವಸತಿಯದು. ಊರಿನಲ್ಲಿರುವ ಹಿರಿಯರು, “ಎಷ್ಟು ದಿನ ಬಾಡಿಗೆ ಕಟ್ಟುತ್ತೀರಿ? ಹೊಲ ಮಾರಿ ಹಣ ಕಳುಹಿಸುತ್ತೇವೆ, ಸ್ವಂತ ಮನೆ ಮಾಡಿಕೊಳ್ಳಿ” ಎನ್ನುವುದುಂಟು. ವಾತ್ಸಲ್ಯದ ಮಾತು ನಿಜ. ಆದರೆ ಮಾರಿದ ಹೊಲ ಮರಳಿ ಬಾರದು. ಆದ್ದರಿಂದ ಆ ನೆಲದ ವ್ಯವಸ್ಥೆಯನ್ನು ಮೊದಲು ತಿಳಿಯುವುದು ಲೇಸು.

ಲಂಡನ್ನಿನ ರೈಲು ಪ್ರಯಾಣದ ದರಗಳು ವಲಯಗಳ ಪ್ರಕಾರ ನಿಗದಿಯಾಗಿವೆ. ನಗರದ ಹೃದಯಭಾಗ ಒಂದನೆಯ ವಲಯ. ಹೊರಹೊರಗೆ ಹೋದಂತೆ ಸಾಮಾನ್ಯವಾಗಿ ಮನೆಬಾಡಿಗೆ ಇಳಿಯುತ್ತದೆ, ಪ್ರಯಾಣದ ವೆಚ್ಚ ಏರುತ್ತದೆ. ಇವೆರಡನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ಪೂರ್ವದಲ್ಲಿ ಈಸ್ಟ್ ಹ್ಯಾಮ್ ಮತ್ತು ಇಲ್ಫರ್ಡ್, ವಾಯವ್ಯದಲ್ಲಿ ವೆಂಬ್ಲಿ ಮತ್ತು ಹ್ಯಾರೋ, ಪಶ್ಚಿಮದಲ್ಲಿ ಸೌತಾಲ್ ಮತ್ತು ಹೌನ್ಸ್ಲೋ ಭಾರತೀಯರು ಬಹಳವಾಗಿ ನೆಲೆಸಿರುವ ಪ್ರದೇಶಗಳು. ಬೇಳೆ, ಕರಿಬೇವು, ನುಗ್ಗೆಕಾಯಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ. 2022ರ ಮೇ ತಿಂಗಳಲ್ಲಿ ಆರಂಭವಾದ ಎಲಿಜಬೆತ್ ರೈಲುಮಾರ್ಗವು ಇಲ್ಫರ್ಡ್ ಮತ್ತು ಸೌತಾಲ್‌ಗಳನ್ನು ನಗರಮಧ್ಯಕ್ಕೆ ಮತ್ತಷ್ಟು ಹತ್ತಿರ ತಂದಿದೆ.

ನಮ್ಮವರಿಗೆ ಒಂದು ಅನುಕೂಲವಿದೆ. ದೇವಾಲಯದ ಸಾಮೀಪ್ಯವನ್ನು ಹುಡುಕುವ ಅಗತ್ಯ ನಮಗಿಲ್ಲ. ಇಷ್ಟಲಿಂಗ ಅಂಗದ ಮೇಲೆಯೇ ಇದೆ. ಪೂಜೆಗೊಂದು ಶುಚಿಯಾದ ಮೂಲೆ, ಶಾಕಾಹಾರದ ಅಡುಗೆಗೆ ಅಡ್ಡಿಯಿಲ್ಲದ ಒಲೆ ಇದ್ದರೆ ಸಾಕು. ಒಬ್ಬಂಟಿಗರು ಇತರರೊಡನೆ ಮನೆ ಹಂಚಿಕೊಳ್ಳುವಾಗ ಅಡುಗೆಮನೆಯ ವಿಷಯವನ್ನು ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು.

ಬಾಡಿಗೆಯನ್ನು ಕೆಲವರು ವಾರದ ಲೆಕ್ಕದಲ್ಲಿ ಹೇಳುತ್ತಾರೆ. ವಾರಕ್ಕೆ 400 ಪೌಂಡ್ ಎಂದರೆ ತಿಂಗಳಿಗೆ 1,600 ಎಂದು ಭಾವಿಸಬಾರದು. ವರ್ಷದ 52 ವಾರಗಳನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಅದು ಸುಮಾರು 1,733 ಪೌಂಡ್ ಆಗುತ್ತದೆ. ಇದರ ಮೇಲೆ ಕೌನ್ಸಿಲ್ ಟ್ಯಾಕ್ಸ್ ಎಂಬ ಸ್ಥಳೀಯ ತೆರಿಗೆಯನ್ನು ಸಾಮಾನ್ಯವಾಗಿ ಮನೆಯಲ್ಲಿ ವಾಸಿಸುವವರೇ ಕಟ್ಟಬೇಕು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚೂ ಸಣ್ಣದಲ್ಲ. ಮನೆ ನೋಡುವಾಗ ಇಂಧನ ದಕ್ಷತೆಯ ಪ್ರಮಾಣಪತ್ರವನ್ನು ಕೇಳಿ ನೋಡಬೇಕು, ಗೋಡೆಯ ಮೂಲೆಗಳಲ್ಲಿ ಬೂಷ್ಟು ಹಿಡಿದಿದೆಯೇ ಎಂಬುದನ್ನು ಗಮನಿಸಬೇಕು.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದ ರೂಢಿ. ಇಂಗ್ಲೆಂಡಿನಲ್ಲಿ 2019ರ ಕಾಯ್ದೆಯ ಪ್ರಕಾರ, ವಾರ್ಷಿಕ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆಯಿರುವ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಆ ಹಣವನ್ನು ಮಾಲೀಕನು 30 ದಿನಗಳೊಳಗಾಗಿ ಸರ್ಕಾರದ ಮಾನ್ಯತೆ ಪಡೆದ ರಕ್ಷಣಾ ಯೋಜನೆಗೆ ಒಳಪಡಿಸಬೇಕು. ಬಾಡಿಗೆದಾರನ ವೀಸಾ ಸ್ಥಿತಿಯನ್ನು ಪರಿಶೀಲಿಸುವುದು ಮಾಲೀಕನ ಕಾನೂನುಬದ್ಧ ಹೊಣೆ. ದಾಖಲೆ ಕೇಳಿದರೆ ಅದನ್ನು ಅವಮಾನವೆಂದು ತಿಳಿಯಬಾರದು.

ಶಾಲೆಗೆ ಹೋಗುವ ಮಕ್ಕಳಿದ್ದರೆ ವಿಳಾಸವೇ ಮುಖ್ಯ. ಬೇಡಿಕೆಯಿರುವ ಅನೇಕ ಸರ್ಕಾರಿ ಶಾಲೆಗಳು ಮನೆಗೂ ಶಾಲೆಗೂ ಇರುವ ದೂರವನ್ನು ನೋಡಿ ಪ್ರವೇಶ ಕೊಡುತ್ತವೆ. ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆ ಸೇರುವ ಮಗುವಿಗೆ ಅದೇ ವರ್ಷದ ಜನವರಿ 15ರೊಳಗೆ ಅರ್ಜಿ ಸಲ್ಲಿಸಬೇಕು. ಅಲ್ಲಿ ನೋಡುವುದು ಮಗು ವಾಸಿಸುವ ಮನೆಯನ್ನು. ಅದು ಸ್ವಂತದ್ದೋ ಬಾಡಿಗೆಯದೋ ಎಂಬುದನ್ನಲ್ಲ.

ಹಾಗಾದರೆ ಮನೆ ಕೊಳ್ಳುವುದು ತಪ್ಪೇ? ತಪ್ಪಲ್ಲ, ಆತುರ ಬೇಡ ಅಷ್ಟೆ. 2021ರ ಏಪ್ರಿಲ್‌ನಿಂದ, ಕೊಳ್ಳುವ ಮುಂಚಿನ 12 ತಿಂಗಳಲ್ಲಿ 183 ದಿನ ಆ ದೇಶದಲ್ಲಿ ಇರದವರು ಮುದ್ರಾಂಕ ಶುಲ್ಕದ ಜೊತೆಗೆ ಶೇಕಡಾ 2ರಷ್ಟು ಹೆಚ್ಚುವರಿ ತೆರಬೇಕಾಗಿದೆ. ನಾಲ್ಕು ಲಕ್ಷ ಪೌಂಡಿನ ಮನೆಗೆ ಇದೊಂದೇ 8,000 ಪೌಂಡ್. ಮೇಲಾಗಿ ಅಲ್ಲಿನ ಫ್ಲ್ಯಾಟುಗಳು ಹೆಚ್ಚಾಗಿ ದೀರ್ಘಾವಧಿಯ ಗುತ್ತಿಗೆಯ ಸ್ವತ್ತುಗಳು. ಕೊಂಡ ಮೇಲೆಯೂ ನಿರ್ವಹಣಾ ಶುಲ್ಕ ತಪ್ಪುವುದಿಲ್ಲ, ಗುತ್ತಿಗೆಯ ವರ್ಷಗಳು ಕರಗುತ್ತ ಹೋದರೆ ಬೆಲೆಯೂ ಕುಗ್ಗುತ್ತದೆ. ಉದ್ಯೋಗ ಬದಲಾದರೆ, ವೀಸಾ ಮುಂದುವರಿಯದಿದ್ದರೆ ಬಾಡಿಗೆಯ ಮನೆಯನ್ನು ಬಿಡುವಷ್ಟು ಸುಲಭವಾಗಿ ಸಾಲದ ಮನೆಯನ್ನು ಬಿಡಲಾಗದು.

ಆದಕಾರಣ ಮೊದಲ ಒಂದು ವರ್ಷವಾದರೂ ಬಾಡಿಗೆಯಲ್ಲಿದ್ದು, ಒಂದು ಚಳಿಗಾಲ ಕಳೆದು, ಬಡಾವಣೆಯನ್ನು ಹಗಲಿರುಳು ಕಾಲ್ನಡಿಗೆಯಲ್ಲಿ ಅರಿತು, ಕಾಯಕ ಸ್ಥಿರವಾದ ಬಳಿಕ ಕೊಳ್ಳುವ ಯೋಚನೆ ಮಾಡುವುದು ಯುಕ್ತ. ಬಾಡಿಗೆಗೆ ತೆತ್ತ ಹಣವನ್ನು ನೀರುಪಾಲೆಂದು ಹಿರಿಯರು ನೊಂದುಕೊಳ್ಳಬೇಕಾಗಿಲ್ಲ. ಅಪರಿಚಿತ ನಾಡನ್ನು ಅರಿಯಲು ಕೊಟ್ಟ ಬೆಲೆ ಅದು. ಅಲ್ಲಿಯತನಕ ಊರಿನ ಹೊಲ ಊರಿನಲ್ಲಿಯೇ ಇರಲಿ, ಬಿತ್ತನೆ ನಡೆಯುತ್ತಿರಲಿ.