ಏಳನೆಯ ರುಜು

ಯಲಹಂಕ ಉಪನಗರದ ನಮ್ಮ ಕ್ಷೇಮಾಭಿವೃದ್ಧಿ ಸಂಘದ ಚರಾಸ್ತಿ ಏನಪ್ಪಾ ಅಂದರೆ ಎರಡು ನಡಾವಳಿ ಪುಸ್ತಕ, ಒಂದು ಇಂಕ್ ಪ್ಯಾಡು, ಒಂದು ರೌಂಡ್ ಸೀಲು. ಸ್ಥಿರಾಸ್ತಿ ಇಲ್ಲ. ಪಾರ್ಕಿನ ಕಲ್ಲುಬೆಂಚು ನಮ್ಮದು ಅಂತ ಎದೆ ತಟ್ಟಿಕೊಳ್ಳಬಹುದಿತ್ತು, ಆದರೆ ಅದರ ಬೆನ್ನಿನ ಮೇಲೆ ಮಾಜಿ ಕಾರ್ಪೊರೇಟರ್ ಹೆಸರಿದೆ. ನಾವು ಅವರ ಹೆಸರಿಗೆ ಒರಗಿಕೊಂಡು ಕೂತು ಸಭೆ ಮಾಡುತ್ತೇವೆ.

ಸೀಲು ಕಾರ್ಯದರ್ಶಿಯಾದ ನನ್ನ ಮನೆಯ ಬೀರುವಿನಲ್ಲಿ, ಹೆಂಡತಿಯ ರವಿಕೆಗಳ ಕೆಳಗಿದೆ. ಬೀರುವಿನ ಬೀಗದ ಕೈ ಅವಳ ಹತ್ತಿರ. ಹಾಗಾದರೆ ಸಂಘ ನಡೆಸುತ್ತಿರುವವರು ಯಾರು? ಇಂಥ ಪ್ರಶ್ನೆಯನ್ನು ಸರ್ವಸದಸ್ಯರ ಸಭೆಯಲ್ಲಿ ಎತ್ತಬಾರದು.

ಸಂಘ ಹುಟ್ಟಿದ ಕಥೆ ಹೇಳಿಬಿಡುತ್ತೇನೆ. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ರುಜು ಹಾಕಬೇಕು. ಪಾರ್ಕಿನಲ್ಲಿ ವಾಕಿಂಗ್ ಮಾಡುವ ನಾವು ಆರು ಜನ. ಆರು ಜನ ಸೇರಿದರೆ ಮೋರಿ ಎತ್ತಿಸಬಹುದು, ಬೀದಿದೀಪಕ್ಕೆ ಜಗಳ ಕಾಯಬಹುದು, ಇಸ್ಪೀಟೂ ಆಡಬಹುದು; ಸಂಘ ಮಾತ್ರ ಕಟ್ಟಲಾಗದು. ಮೂಲೆಮನೆಯ ನಿವೃತ್ತ ಮೇಷ್ಟ್ರನ್ನು ಹಿಡಿದೆವು. "ರುಜು ಹಾಕ್ತೀನಿ ಕಣ್ರಯ್ಯಾ, ಕೆಲಸ ಗಿಲಸ ಹೇಳಬೇಡಿ" ಎಂದು ಷರತ್ತು ಹಾಕಿಯೇ ಪೆನ್ನು ಮುಟ್ಟಿದರು. ಕೆಲಸ ಇಲ್ಲದ ಹುದ್ದೆ ಯಾವುದು ಅಂತ ಹುಡುಕಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದೆವು.

ಸರ್ಕಾರ ನಿಮ್ಮಂಥವರಿಗೆ ಏನಾದರೂ ಕೊಡುತ್ತದೆಯೇ ಅಂತ ಬಂದುಹೋಗುವ ನೆಂಟರೆಲ್ಲ ಕೇಳುತ್ತಾರೆ. ಕೊಡುತ್ತದಲ್ಲ, ವರ್ಷಕ್ಕೊಮ್ಮೆ ಪದಾಧಿಕಾರಿಗಳ ಪಟ್ಟಿ ಸಲ್ಲಿಸಲು, ಆಡಿಟ್ ಮಾಡಿಸಲು ಅವಕಾಶ ಕೊಡುತ್ತದೆ! ಅನುದಾನ ಅನ್ನುವುದು ಇದೆ, ಇಲ್ಲವೆನ್ನಲಾರೆ. ಆದರೆ ಅದಕ್ಕೆ ಬೇಕಾದ ಕಾಗದ ಹೊಂದಿಸುವಷ್ಟರಲ್ಲಿ ಜೆರಾಕ್ಸ್ ಅಂಗಡಿಯವನಿಗೆ ಅನುದಾನ ಸಿಕ್ಕಿರುತ್ತದೆ.

ದಾನದ ಮಾತು ಬಂತು ನೋಡಿ. ಮನೆಕಂದಾಯದ ರಸೀದಿಯನ್ನು ನೀವು ಪೂರ್ತಿ ಓದಿದ್ದೀರಾ? ನಾನೂ ಓದಿರಲಿಲ್ಲ. ಒಂದು ಭಾನುವಾರ ಕರೆಂಟು ಹೋದಾಗ ಓದಿದೆ. ತೆರಿಗೆಯ ಮೇಲೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಆಮೇಲೆ ಭಿಕ್ಷುಕರ ಸೆಸ್ ಅಂತ ಶೇ 3. ತೆರಿಗೆ ನಾಲ್ಕು ಸಾವಿರವಾದರೆ ಓದುವವರಿಗೆ 240, ಬೇಡುವವರಿಗೆ 120. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಈ ದುಡ್ಡು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಂಥ ಕಡೆಗೆ ಸೇರಬೇಕಾದ್ದು. ಅಂದರೆ ನಾನು ಇಷ್ಟು ವರ್ಷದಿಂದ ಗೊತ್ತಿಲ್ಲದೇ ದಾನಿ! ಅವತ್ತಿನಿಂದ ರಾಜ್ಯೋತ್ಸವದ ಚಂದಾ, ಗಣೇಶನ ಚಂದಾ ಅಂತ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದರೆ "ನಾನು ಆಗಲೇ ಸರ್ಕಾರಕ್ಕೆ ಕೊಟ್ಟಾಗಿದೆ" ಎನ್ನಲು ಶುರುಮಾಡಿದೆ. ಹುಡುಗರು ಮಿಕಮಿಕ ನೋಡಿದರು. ಒಳಗಿಂದ ಇವಳು ಬಂದು ಇನ್ನೂರು ರೂಪಾಯಿ ಕೊಟ್ಟು, "ಅವರ ಮಾತು ಬಿಡ್ರಪ್ಪ, ಪ್ರಸಾದ ಮಾತ್ರ ಮರೀಬೇಡಿ" ಎಂದು ಕಳಿಸಿದಳು.

ಎಲ್ಲಿದ್ದೆ? ಹಾಂ, ಕಾರ್ಪೊರೇಟರ್. ಅದಕ್ಕೂ ಮೊದಲು ಯಲಹಂಕಕ್ಕೆ ತನ್ನದೇ ನಗರಸಭೆ ಇತ್ತು. ಕೌನ್ಸಿಲರ್ ಬೇಕಾದರೆ ಹಳೇ ಊರಿನ ಟೀ ಅಂಗಡಿಗೆ ಹೋದರೆ ಸಾಕಿತ್ತು. ಬೈದರೆ ಅವನೂ ಬೈಯುತ್ತಿದ್ದ, ಟೀ ಕುಡಿಸುತ್ತಿದ್ದ, ಸಂಜೆಗೆ ನೀರು ಬಿಡಿಸುತ್ತಿದ್ದ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ ನೂರಹತ್ತು ಹಳ್ಳಿ, ಎಲ್ಲವನ್ನೂ ಹಳೇ ಪಾಲಿಕೆಯ ಜೊತೆ ಕಲಸಿ ಬೃಹತ್ ಮಾಡಿದರು. 2020ರ ಸೆಪ್ಟೆಂಬರಿಗೆ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಬೆಂಚಿನ ಮೇಲಿನ ಬಣ್ಣದ ಹೆಸರು ಬಿಸಿಲಿಗೆ ಮಾಸಿದರೂ ಹೊಸ ಹೆಸರು ಬರೆಸುವವರು ಬರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಬೃಹತ್ತನ್ನೇ ಒಡೆದು ಐದು ಪಾಲಿಕೆ ಮಾಡಿ, ಮೇಲೊಂದು ಗ್ರೇಟರ್ ಪ್ರಾಧಿಕಾರ ಕೂರಿಸಿದರು. ನಾವೀಗ ಬೆಂಗಳೂರು ಉತ್ತರದವರು. ಬ್ಯಾಂಕಿನಲ್ಲಿದ್ದು ನಿವೃತ್ತರಾದ ನಮ್ಮ ಖಜಾಂಚಿ ಬೆರಳು ಮಡಿಸಿ, "ಹಳ್ಳಿ ಬಿಡಿ, ಒಂಬತ್ತು ಸೇರಿಸಿ ಒಂದು, ಒಂದು ಒಡೆದು ಐದು. ನಾಲ್ಕು ಎಲ್ಲಿ ಹೋಯ್ತು ಸ್ವಾಮಿ?" ಎಂದರು. ಅವರಿಗೆ ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಬರದು.

ಚಿಕ್ಕದು ದೊಡ್ಡದು ಅಂದಾಗ ನನಗೆ ಹೆಬ್ಬಾಳದ ಕಿತ್ತಯ್ಯ ನೆನಪಾಗುತ್ತಾನೆ. 2018ರಲ್ಲಿ ಅಲ್ಲೊಂದು ವೀರಗಲ್ಲು ಸಿಕ್ಕಿತಲ್ಲ, ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಹೆಬ್ಬಾಳ ಆಗ ಪೆರ್ಬೊಳಲ್ ನಾಡು, ಅದರ ಮುಂದೆ ಮೂವತ್ತು ಎಂಬ ಸಂಖ್ಯೆ. ಮೂವತ್ತು ಹಳ್ಳಿಯ ಲೆಕ್ಕವಂತೆ. ಎಷ್ಟು ಹಿತವಾದ ಅಳತೆ ನೋಡಿ, ಎತ್ತಿನ ಗಾಡಿಯಲ್ಲಿ ಸುತ್ತಿ ಬರಬಹುದು. ಆ ನಾಡಿಗಾಗಿ ಹೋರಾಡಿ ಸತ್ತವನು ಕಿತ್ತಯ್ಯ. ಅವನಿಗೆ ಗೌರವಧನ ಎಷ್ಟು ಅಂತ ಕಲ್ಲಿನಲ್ಲಿ ಬರೆದಿಲ್ಲ. ಕಲ್ಲನ್ನು ಓದಿ ಜನಕ್ಕೆ ತಿಳಿಸಿದವರೂ ರಜಾ ದಿನಗಳಲ್ಲಿ ಶಾಸನ ಹುಡುಕುವ ಸ್ವಯಂಸೇವಕರೇ. ಊರವರು ಕೈಯಿಂದ ದುಡ್ಡು ಹಾಕಿ ಮಂಟಪ ಕಟ್ಟಿ ನಿಲ್ಲಿಸಿದರು. ಫ್ಲೈಓವರ್ ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ನಾನು ಅವನನ್ನು ನೆನೆಯುವುದುಂಟು. ಮಾಡಲು ಬೇರೆ ಕೆಲಸವಾದರೂ ಏನಿರುತ್ತದೆ?

ಮೊನ್ನೆ ಮತ್ತೆ ಪಟ್ಟಿ ಸಲ್ಲಿಸುವ ಕಾಲ ಬಂತು. ಆರು ರುಜು ಆಗಿ, ಏಳನೆಯದಕ್ಕೆ ಮೇಷ್ಟ್ರ ಮನೆಗೆ ಹೋದೆ. ಮಂಡಿನೋವು, ಹೊರಗೆ ಬರುತ್ತಿಲ್ಲ. "ಇನ್ನೂ ನಾನೇ ಅಧ್ಯಕ್ಷನೇನಯ್ಯಾ?" ಎಂದರು.

"ಕೆಲಸ ಹೇಳಿದೀವಾ ಸಾರ್?"

"ಇಲ್ಲ ಇಲ್ಲ, ಮಾತು ಉಳಿಸಿಕೊಂಡಿದೀರಿ."

ರುಜು ಹಾಕಿದರು. ಸೀಲು ಒತ್ತಿದೆ. ಪ್ಯಾಡು ಒಣಗಿ ರೊಟ್ಟಿಯಂತಾಗಿತ್ತು. ಎರಡು ಹನಿ ನೀರು ಬಿಟ್ಟು ಮತ್ತೆ ಒತ್ತಿದರೂ ಸಂಘದ ಹೆಸರಿನಲ್ಲಿ ಮೊದಲೆರಡು ಅಕ್ಷರ ಮಾತ್ರ ಮೂಡಿ, ಮಿಕ್ಕಿದ್ದು ನೇರಳೆ ಮೋಡವಾಯಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು. "ಕ್ಷೇಮ ಅಂತ ಬಂದಿದೆಯಲ್ಲೋ, ಬಿಡು. ಹಳೇ ಕಾಲದ ಕಾಗದದಲ್ಲಿ ನಾವೂ ಅಷ್ಟೇ ತಾನೇ ಬರೀತಿದ್ದದ್ದು? ಕೂತ್ಕೋ, ಕಾಫಿ ಆಗ್ತಿದೆ."