ಸೋಮವಾರದ ಒಪ್ಪತ್ತು

ನಮ್ಮ ಅಜ್ಜಿಗೆ ಸೋಮವಾರದ ಒಪ್ಪತ್ತು ಹೊಸದೇನಲ್ಲ. ಮದುವೆಯಾಗಿ ಬಂದಾಗಿನಿಂದ ಶಿವನ ಹೆಸರಿನಲ್ಲಿ ನಡೆಸಿಕೊಂಡು ಬಂದಿದ್ದಳು. 1965ರಲ್ಲಿ ಮನೆಮಂದಿಯೆಲ್ಲ ಅವಳ ಜೊತೆ ಸೇರಿದೆವು. ಗಡಿಯಲ್ಲಿ ಪಾಕಿಸ್ತಾನದೊಡನೆ ಯುದ್ಧ, ಇತ್ತ ಮಳೆ ಕೈಕೊಟ್ಟಿತ್ತು, ಅಮೆರಿಕದ ಹಡಗಿನಲ್ಲಿ ಬರುವ ಗೋಧಿಗೆ ಕಾಯಬೇಕಾದ ಕಾಲ. ಸೋಮವಾರ ರಾತ್ರಿಯ ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ದೇಶವನ್ನು ಕೇಳಿಕೊಂಡಿದ್ದರು.

ಮಕ್ಕಳಿಗೆ ಬೇಡ ಎಂದಳು ಅಮ್ಮ. ನನಗೆ ಎಂಟು ವರ್ಷ, ಹಟ ಹಿಡಿದೆ. ಶಾಲೆಯಲ್ಲಿ ರಕ್ಷಣಾ ನಿಧಿಗೆಂದು ಹತ್ತು ಪೈಸೆ ಕೊಟ್ಟಿದ್ದೆ, ನಿಜ. ಆದರೆ ಅದು ಅಪ್ಪನ ದುಡ್ಡು. ಹಸಿವು ಮಾತ್ರ ನನ್ನದೇ.

ಸೋಮವಾರ ಸಂಜೆ ಅಜ್ಜಿ ಅಕ್ಕಿಯ ಡಬ್ಬ ತೆರೆಯುತ್ತಿದ್ದಳು. ರಾತ್ರಿಯಡುಗೆಗೆ ಬೇಕಾಗುವಷ್ಟನ್ನು ಎಂದಿನಂತೆ ಪಾವಿನಲ್ಲಿ ತುಂಬಿ, ಅಂಗೈಯಿಂದ ಬಾಯಿಮಟ್ಟಕ್ಕೆ ಸವರಿ, ಬೇರೊಂದು ಮಡಕೆಗೆ ಸುರಿಯುವಳು. ಕೆಳಗೆ ಬಿದ್ದ ನಾಲ್ಕು ಕಾಳನ್ನೂ ಬೆರಳ ತುದಿಗೆ ಅಂಟಿಸಿಕೊಂಡು ಅದಕ್ಕೇ ಹಾಕುವಳು.

"ಇದು ಸಿಪಾಯಿಗೆ ಹೆಂಗಜ್ಜಿ ಹೋಗುತ್ತೆ?"

"ಈ ಮಡಕೆ ತುಂಬಿದಷ್ಟು ನಾವು ಅಂಗಡೀಲಿ ಕೊಳ್ಳೋದು ಬೇಡ ಮಗ. ನಾವು ಬಿಟ್ಟಿದ್ದು ಅವನಿಗೆ."

ಆಮೇಲೆ ಎಷ್ಟೋ ಅರ್ಥಶಾಸ್ತ್ರ ಓದಿದೆ. ಅಜ್ಜಿಯ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ.

ರಾತ್ರಿ ಒಂದು ಚೂರು ಬೆಲ್ಲ, ಒಂದು ಲೋಟ ನೀರು. ಚಾಪೆಯ ಮೇಲೆ ಹೊಟ್ಟೆಯಡಿ ಕಂಬಳಿ ಮಡಿಸಿಟ್ಟು ಬೋರಲು ಮಲಗಿದರೆ ಸಂಕಟ ಸ್ವಲ್ಪ ತಡೆಯುತ್ತಿತ್ತು. ಕಣ್ಣು ಮುಚ್ಚಿದರೆ ಒಬ್ಬ ಸಿಪಾಯಿ ತಟ್ಟೆಯ ಮುಂದೆ ಕೂತಿರುತ್ತಿದ್ದ. ಮುಖ ಕಾಣದು, ಉಣ್ಣುವ ಕೈ ಮಾತ್ರ. ಅದೇ ಸೆಪ್ಟೆಂಬರ್ 7ರಂದು ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ. ಬಿ. ದೇವಯ್ಯ ಸರ್ಗೋಧಾದ ಮೇಲಿನ ದಾಳಿಗೆ ಹೋದವರು ಮರಳಲಿಲ್ಲವೆಂಬುದು ಆಗ ನಮಗೆ ಗೊತ್ತಿರಲಿಲ್ಲ. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಸುದ್ದಿ ಓದಿದ ದಿನ ಆ ಕೈ ಮತ್ತೆ ಕಣ್ಣಿಗೆ ಕಟ್ಟಿತು.

ಸೆಪ್ಟೆಂಬರ್ 23ಕ್ಕೆ ಕದನ ನಿಂತಿತು. ಬರ ನಿಲ್ಲಲಿಲ್ಲ, ನಮ್ಮ ಒಪ್ಪತ್ತೂ ನಿಲ್ಲಲಿಲ್ಲ.

1966ರ ಜನವರಿ 10, ಸೋಮವಾರ. ತಾಷ್ಕೆಂಟಿನಲ್ಲಿ ಶಾಸ್ತ್ರಿಗಳೂ ಅಯೂಬ್ ಖಾನರೂ ಒಪ್ಪಂದಕ್ಕೆ ಸಹಿ ಹಾಕಿದ ದಿನ. ನಾವು ಎಂದಿನಂತೆ ಬೆಲ್ಲ ತಿಂದು, ನೀರು ಕುಡಿದು ಮಲಗಿದೆವು. ಬೆಳಗ್ಗೆ ಪಕ್ಕದ ಮನೆಯ ರೇಡಿಯೊ ಮುಂದೆ ಜನ ನಿಂತಿದ್ದರು. ಶಾಸ್ತ್ರಿಗಳು ರಾತ್ರಿ ಅಲ್ಲೇ ತೀರಿಕೊಂಡಿದ್ದರು. ಅಪ್ಪ ಬಂದು ಹೇಳಿದಾಗ ಅಜ್ಜಿ ಒಲೆ ಹಚ್ಚಲು ಕೂತಿದ್ದಳು. ಒಳಗೆ ತುರುಕಿದ್ದ ಸೌದೆಯನ್ನು ಒಂದೊಂದಾಗಿ ಹೊರಗೆಳೆದು ಗೋಡೆಗೆ ಒರಗಿಸಿದಳು. ನಾನು ಹಸಿವೆಂದು ಕೇಳಲಿಲ್ಲ.