ಮೆಚ್ಚುಗೆಯೂ ಒಂದು ಸಾಧನೆ



ಮನುಷ್ಯನು ಯಾರನ್ನು ಮೆಚ್ಚುತ್ತಾನೆಯೋ ಕ್ರಮೇಣ ಅವರಂತೆಯೇ ಆಗುತ್ತ ಹೋಗುತ್ತಾನೆ. ಸಿರಿಯನ್ನು ಮೆಚ್ಚಿದವನ ಕಣ್ಣು ಸಿರಿಯ ಮೇಲೆಯೇ ನೆಡುತ್ತದೆ. ಅಧಿಕಾರವನ್ನು ಮೆಚ್ಚಿದವನು ಅಧಿಕಾರಸ್ಥರ ಬಾಗಿಲನ್ನೇ ಕಾಯುತ್ತಾನೆ. ಆದುದರಿಂದ ಆದರ್ಶ ವ್ಯಕ್ತಿಯ ಆಯ್ಕೆಯು ಬರಿಯ ಅಭಿರುಚಿಯ ಮಾತಲ್ಲ, ಅದೂ ಒಂದು ಸಾಧನೆಯೇ ಸರಿ.

ನನ್ನ ಪಾಲಿಗೆ ಅಂತಹ ಆದರ್ಶ ವ್ಯಕ್ತಿ ಡಾ. ಫ.ಗು. ಹಳಕಟ್ಟಿಯವರು. 'ವಚನ ಪಿತಾಮಹ' ಎಂಬ ಬಿರುದಿಗಾಗಿ ನಾನು ಅವರನ್ನು ಮೆಚ್ಚಿದವನಲ್ಲ. ಕಾರಣ ಬೇರೆಯಿದೆ.

ನಮ್ಮ ಅಜ್ಜನ ಮನೆಯ ದೇವರ ಜಗಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ತಾಡೋಲೆಯ ಕಟ್ಟೊಂದಿತ್ತು. ಮಹಾನವಮಿಯಂದು ಅದಕ್ಕೆ ವಿಭೂತಿ ಧರಿಸಿ, ಹೂವೇರಿಸಿ, ಧೂಪ ಹಾಕುತ್ತಿದ್ದರು. ಒಳಗೇನಿದೆ ಎಂದು ಕೇಳಿದರೆ ಅಜ್ಜಿ, "ಹಿರ್ಯಾರು ಬರೆದಿಟ್ಟದ್ದೈತಿ, ಮುಟ್ಟಬ್ಯಾಡ" ಎನ್ನುತ್ತಿದ್ದರು. ಒಂದು ಮಳೆಗಾಲ ಕಳೆದು ಬಿಚ್ಚಿ ನೋಡಿದಾಗ ಗೆದ್ದಲು ತಿಂದು ಉಳಿಸಿದ ಮಣ್ಣಷ್ಟೇ ಇತ್ತು. ಅದರಲ್ಲಿ ಯಾವ ಶರಣರ ನುಡಿಯಿತ್ತೋ, ಇನ್ನಾರೂ ಹೇಳಲಾರರು. ಮನೆಯಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಓದುವವರಿರಲಿಲ್ಲ.

1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಹಳಕಟ್ಟಿಯವರು ಇಂತಹ ಕಟ್ಟುಗಳನ್ನು ಹುಡುಕಿಕೊಂಡು ಹೋದರು. ಇತರರು ಕೈಮುಗಿದು ಬಿಟ್ಟುದನ್ನು ಅವರು ಬಿಚ್ಚಿ ಓದಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಿತು. 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ ಆರಂಭವಾಯಿತು. ಅದಕ್ಕಾಗಿ ಅವರು ತಮ್ಮ ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಹುಟ್ಟಿತು. 1964ರಲ್ಲಿ ಲಿಂಗೈಕ್ಯರಾದರು.

ಮನೆ ಮಾರಿದವರೆಲ್ಲ ಮಹಾತ್ಮರಲ್ಲ. ಜೂಜುಗಾರನೂ ಮನೆ ಮಾರುತ್ತಾನೆ. ಕಷ್ಟಪಟ್ಟುದೇ ಹಿರಿಮೆಯೆಂದರೆ ಲೋಕದಲ್ಲಿ ಹಿರಿಯರಲ್ಲದವರು ಯಾರು? ತ್ಯಾಗವನ್ನು ಅಳೆಯಬೇಕಾದುದು ಕಳೆದುಕೊಂಡುದರಿಂದಲ್ಲ, ಅದು ಯಾರನ್ನು ಮುಟ್ಟಿತು ಎಂಬುದರಿಂದ. ಒಂದು ಮನೆಯ ಕಟ್ಟಿನಲ್ಲಿ ಅಡಗಿದ್ದ ಮಾತು ಅಚ್ಚಾಗಿ ಅಕ್ಷರ ಬಲ್ಲ ಎಲ್ಲರ ಕೈಗೂ ಬಂದಿತು. ಅದಕ್ಕಿಂತ ಹಿರಿದಾದ ಸಂಗತಿ ಇನ್ನೊಂದಿದೆ. ಅವರು ಬಾಳೆಲ್ಲ ಸವೆಸಿದ್ದು ತಮ್ಮ ಮಾತನ್ನು ಕೇಳಿಸುವುದಕ್ಕಲ್ಲ, ಶರಣರ ಮಾತನ್ನು ಕೇಳಿಸುವುದಕ್ಕೆ. ನಾವಿಂದು ವಚನವನ್ನು ಓದುವಾಗ ಅದನ್ನಾಡಿದ ಶರಣರು ನೆನಪಾಗುತ್ತಾರೆ, ಅಚ್ಚು ಹಾಕಿಸಿದವರು ಮರೆಯಲ್ಲೇ ಉಳಿಯುತ್ತಾರೆ. ತನ್ನ ಕೆಲಸದ ಹಿಂದೆ ಹೀಗೆ ತಾನು ಮರೆಯಾಗಬಲ್ಲವನೇ ನನ್ನ ದೃಷ್ಟಿಯಲ್ಲಿ ಅನುಕರಣೀಯನು.

ಆದರೆ ಇಲ್ಲಿಯೇ ಒಂದು ಅಪಾಯವುಂಟು. ಅಂದು ಓಲೆಗಳಿಗೆ ಆದುದು ಇಂದು ಹಿರಿಯರಿಗೂ ಆಗುತ್ತಿದೆ. ಜಯಂತಿಯಂದು ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅವರ ಬಾಳನ್ನು ಮಾತ್ರ ಬಿಚ್ಚಿ ಓದುವುದಿಲ್ಲ. ಪೂಜಿಸಿದೊಡನೆ ಋಣ ತೀರಿತೆಂಬ ಸಮಾಧಾನ ನಮ್ಮದು. ದೊಡ್ಡವರನ್ನು ಬಹು ಎತ್ತರದಲ್ಲಿರಿಸಿದರೆ, ಅವರಂತೆ ನಡೆಯುವ ಹೊಣೆ ತಪ್ಪುತ್ತದೆಯಲ್ಲವೇ?

ಆದ್ದರಿಂದ ಯಾರನ್ನೇ ಮೆಚ್ಚಿದರೂ ಅವರ ಕಾಯಕದ ಒಂದು ಎಳೆಯನ್ನಾದರೂ ನಾವು ಹಿಡಿಯಬೇಕು. ಮುದ್ರಣಾಲಯ ತೆರೆಯುವ ಶಕ್ತಿ ನನಗಿಲ್ಲ. ಪ್ರತಿ ಸಂಜೆ ಮೊಮ್ಮಗನೊಡನೆ ಕುಳಿತು ಒಂದು ವಚನ ಓದಿಸುತ್ತೇನೆ. ಅವನು ತಡವರಿಸುತ್ತಾನೆ, ಅರ್ಥ ಕೇಳುತ್ತಾನೆ. ಕೆಲವೊಮ್ಮೆ ನನಗೂ ತಿಳಿಯದುದನ್ನು ಕೇಳುತ್ತಾನೆ. ಆಗ ಇಬ್ಬರೂ ಮತ್ತೊಮ್ಮೆ ಓದುತ್ತೇವೆ.